ಆಯುವ ಕೈಗೂ ಕಾಯಕದ ಮಾನ ಸಲ್ಲಲಿ



ಹಳೆಯ ಪ್ರಸಾದ ನಿಲಯ, ಶಾಲೆ, ಕಲ್ಯಾಣ ಮಂಟಪಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ಈಗ ಎಲ್ಲೆಡೆ ನಡೆದಿದೆ. ನಮ್ಮ ಮಠಗಳೂ ಇದಕ್ಕೆ ಹೊರತಲ್ಲ. ಭಕ್ತರು ಸಂತೋಷದಿಂದ ದೇಣಿಗೆ ಕೊಡುತ್ತಾರೆ. ಅಡಿಗಲ್ಲು ಸಮಾರಂಭ ಮುಗಿದ ಮರುದಿನ ಜೆಸಿಬಿ ಬಂದು ನಿಲ್ಲುತ್ತದೆ. ಎರಡೇ ದಿನದಲ್ಲಿ ತೇಗದ ತೊಲೆ, ಕಲ್ಲಿನ ಕಂಬ, ಮಂಗಳೂರು ಹಂಚು, ಶಹಾಬಾದ್ ಕಲ್ಲು ಎಲ್ಲವೂ ಒಂದೇ ರಾಶಿಯಾಗಿ ಊರ ಹೊರಗಿನ ಹಳ್ಳಕ್ಕೋ ಕೆರೆಯ ಅಂಗಳಕ್ಕೋ ಸೇರುತ್ತವೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಎಂಜಿನಿಯರನಾಗಿ ಕಟ್ಟಡಗಳನ್ನು ಕಟ್ಟಿಸಿ, ಕೆಡವಿಸಿ ಬಂದ ನನಗೆ ಇದನ್ನು ನೋಡಿ ಸುಮ್ಮನಿರಲಾಗುವುದಿಲ್ಲ.

ಸರ್ಕಾರಿ ಕೆಲಸದಲ್ಲಿ ಒಂದು ಪದ್ಧತಿಯಿದೆ. ಹಳೆಯ ಕಟ್ಟಡ ಕೆಡವುವ ಮೊದಲು ಅದರಿಂದ ಏನೇನು ಸಿಗುತ್ತದೆ ಎಂದು ಪಟ್ಟಿ ಮಾಡಬೇಕು. ಬಾಗಿಲು ಎಷ್ಟು, ಕಿಟಕಿ ಎಷ್ಟು, ಕಬ್ಬಿಣದ ತೊಲೆ ಎಷ್ಟು, ಕಲ್ಲು ಎಷ್ಟು ಎಂದು ಬರೆದು, ಬೆಲೆ ಕಟ್ಟಿ, ಆ ಮೊತ್ತವನ್ನು ಅಂದಾಜು ಪಟ್ಟಿಯಲ್ಲಿ ಕಳೆಯಬೇಕು. ಸಾರ್ವಜನಿಕರ ಹಣಕ್ಕೆ ಇರುವ ಈ ಲೆಕ್ಕ ಭಕ್ತರ ಹಣಕ್ಕೂ ಬೇಡವೇ? ದಾಸೋಹದ ಒಂದು ಅಗುಳನ್ನೂ ಚೆಲ್ಲಬಾರದು ಎಂದು ಮಕ್ಕಳಿಗೆ ಹೇಳುವ ನಾವು, ನೂರು ವರ್ಷದ ಮರದ ತೊಲೆಯನ್ನು ಹಳ್ಳಕ್ಕೆ ಚೆಲ್ಲುವುದು ಯಾವ ನ್ಯಾಯ?

ಮರುಬಳಕೆ ಎಂದರೆ ಬಡತನದ ಮಾತಲ್ಲ, ಅದು ಜಾಣತನದ ಮಾತು. ಹಳೆಯ ತೇಗದ ಮರ ಹತ್ತಾರು ವರ್ಷ ಒಣಗಿ ಹದಗೊಂಡಿರುತ್ತದೆ. ಹೊಸ ಹಸಿ ಮರದಂತೆ ಸೊಟ್ಟಗಾಗುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೂರು ವರ್ಷ ದಾಟಿದ ಹಂಚುಗಳು ಇಂದಿಗೂ ಮಳೆ ತಡೆಯುತ್ತಿರುವ ಮನೆಗಳು ಕರಾವಳಿ, ಮಲೆನಾಡಿನಲ್ಲಿವೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಹಂಚು ಠಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕು ಬಿಟ್ಟಿದೆ ಎಂದರ್ಥ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆಯನ್ನು ಮೆಲ್ಲಗೆ ತಟ್ಟಿ ಇಡಿಯಾಗಿ ಬಿಡಿಸಬಹುದು, ಏಕೆಂದರೆ ಗಾರೆ ಇಟ್ಟಿಗೆಗಿಂತ ಮೆದು. ಸಿಮೆಂಟಿನ ಗೋಡೆಯಲ್ಲಿ ಹಾಗಾಗದು, ಅಲ್ಲಿ ಇಟ್ಟಿಗೆಯೇ ಮೊದಲು ಒಡೆಯುತ್ತದೆ. ಅದನ್ನು ನೆಲದಡಿಯ ಭರ್ತಿಗೆ ಬಳಸಬಹುದು. ಆದರೆ ಇವೆಲ್ಲ ಸಾಧ್ಯವಾಗುವುದು ಕಟ್ಟಡವನ್ನು ಮೇಲಿನಿಂದ ಕೆಳಗೆ, ಒಂದೊಂದಾಗಿ, ಕೈಯಿಂದ ಬಿಚ್ಚಿದಾಗ ಮಾತ್ರ. ಜೆಸಿಬಿಯ ಕೆಲಸ ಕೊನೆಯಲ್ಲಿ ಬರಬೇಕು, ಮೊದಲಲ್ಲ.

ಮನೆಯೊಳಗಿನ ವಸ್ತುಗಳ ಕಥೆಯೂ ಇದೇ. ಫ್ಯಾನು ನಿಧಾನವಾಗಿ ತಿರುಗಿದರೆ ಅನೇಕ ಬಾರಿ ಕೆಟ್ಟಿರುವುದು ಮೋಟಾರಲ್ಲ, ಒಂದು ಸಣ್ಣ ಕೆಪಾಸಿಟರ್. ನಾವು ಇಡೀ ಫ್ಯಾನನ್ನೇ ಗುಜರಿಗೆ ಹಾಕುತ್ತೇವೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು 5 ಶೇಕಡಾ ಇದ್ದರೆ ಸಾಕು, ಹಳೆಯ ಪಾತ್ರೆಯನ್ನು ಕರಗಿಸಿ ಮತ್ತೆ ಅಲ್ಯೂಮಿನಿಯಂ ಪಡೆಯಬಹುದು. ತಿಪ್ಪೆಗೆ ಬಿದ್ದ ಒಂದು ತೂತು ಪಾತ್ರೆಯಲ್ಲಿ ಎಷ್ಟು ವಿದ್ಯುತ್ತು ಅಡಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಎಲ್ಲವನ್ನೂ ಮತ್ತೆ ಬಳಸಿ ಎಂದು ನಾನು ಹೇಳುತ್ತಿಲ್ಲ. ತುಕ್ಕು ತಿಂದ, ಬಗ್ಗಿಸಿ ನೆಟ್ಟಗೆ ಮಾಡಿದ ಕಬ್ಬಿಣದ ಸರಳನ್ನು ಪಿಲ್ಲರು, ಬೀಮುಗಳಿಗೆ ಹಾಕಬಾರದು. ಆಸ್ಬೆಸ್ಟಾಸ್ ಶೀಟನ್ನು ಒಡೆಯಬಾರದು. ಅದರ ದೂಳು ಶ್ವಾಸಕೋಶಕ್ಕೆ ಮಾರಕ. ತಾಮ್ರದ ಆಸೆಗೆ ವೈರು ಸುಡುವುದು, ಸೀಸದ ಆಸೆಗೆ ಬ್ಯಾಟರಿ ಒಡೆಯುವುದು ವಿಷವನ್ನು ಕೈಯಾರೆ ಕರೆದಂತೆ. ಕೆಟ್ಟ ಮೊಬೈಲು, ಕಂಪ್ಯೂಟರುಗಳನ್ನು ಪರವಾನಗಿ ಇರುವ ಮರುಬಳಕೆ ಘಟಕಗಳಿಗೇ ಕೊಡಬೇಕು.

ಇನ್ನು ಒಂದು ಅಡ್ಡಿ ಎಂಜಿನಿಯರಿಂಗಿನದಲ್ಲ, ಮನಸ್ಸಿನದು. ಹಳೆಯ ಮನೆಯ ಮರ ಹೊಸ ಮನೆಗೆ ಆಗದು, ಅದರೊಂದಿಗೆ ದೋಷ ಬರುತ್ತದೆ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಮರಕ್ಕೆ ಬರುವ ದೋಷಗಳು ನನಗೆ ಗೊತ್ತಿರುವಂತೆ ಗೆದ್ದಲು, ಹುಳು, ಬಿರುಕು ಮತ್ತು ಕೊಳೆತ. ಇವನ್ನು ಉಳಿ ಹಿಡಿದ ಬಡಗಿ ನೋಡಿ ಹೇಳುತ್ತಾನೆ, ಪಂಚಾಂಗ ಹಿಡಿದವರಲ್ಲ. ಮೂಢನಂಬಿಕೆಯನ್ನು ತೊರೆಯಿರಿ ಎಂದು ವೇದಿಕೆಯ ಮೇಲೆ ಹೇಳುವ ನಾವು ಬಾಗಿಲ ಚೌಕಟ್ಟಿನ ಬಳಿ ಬಂದಾಗ ಹಿಂಜರಿಯಬಾರದು.

ಇದಕ್ಕಿಂತ ದೊಡ್ಡ ದೋಷ ಮತ್ತೊಂದಿದೆ. ನಾವು ಎಸೆದದ್ದನ್ನು ಆಯ್ದು, ಬೇರ್ಪಡಿಸಿ, ಗುಜರಿ ಅಂಗಡಿಗೆ ಮುಟ್ಟಿಸುವವರನ್ನು ನಾವು ಹೇಗೆ ಕಾಣುತ್ತೇವೆ? ಹೆಗಲಿಗೆ ಚೀಲ ಹಾಕಿಕೊಂಡ ಹೆಣ್ಣುಮಗಳು ಬೀದಿಗೆ ಬಂದರೆ ಗೇಟು ಮುಚ್ಚುತ್ತೇವೆ. ಏನಾದರೂ ಕಾಣೆಯಾದರೆ ಮೊದಲ ಸಂಶಯ ಅವಳ ಮೇಲೆ. ಕುಡಿಯಲು ನೀರು ಕೇಳಿದರೆ ಬೇರೆ ಲೋಟ. ಇಂಥವರ ಪೈಕಿ ಬಹುಪಾಲು ಜನ ಯಾವ ಸಮುದಾಯಗಳಿಂದ ಬಂದವರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯನ್ನು ಮಾತಿನಲ್ಲಿ ಅಳಿಸಿ ಲೋಟದಲ್ಲಿ ಉಳಿಸಿಕೊಂಡರೆ ಅದು ಶರಣ ಮಾರ್ಗವಾದೀತೇ?

ಬಿದ್ದದ್ದನ್ನು ಆಯುವುದೇ ಕಾಯಕವಾಗಿದ್ದ ಶರಣರು ನಮಗೆ ಹೊಸಬರಲ್ಲ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡಿದ ಮಾರಯ್ಯನವರಿಗೆ ಆಯ್ದಕ್ಕಿ ಎಂಬುದೇ ಗೌರವದ ಹೆಸರಾಯಿತು. ಒಂದು ದಿನ ಅವರು ಹೆಚ್ಚು ಅಕ್ಕಿ ತಂದಾಗ, ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಿರುಗಿಸಿದವರು ಲಕ್ಕಮ್ಮ ತಾಯಿ. ಅವರ ಜಯಂತಿ ಆಚರಿಸುವ ನಾವು, ಇಂದು ಅದೇ ರೀತಿ ಆಯುತ್ತಿರುವ ಕೈಗಳನ್ನು ಕಂಡು ಮುಖ ತಿರುಗಿಸುವುದು ಹೇಗೆ?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಕಟ್ಟಡ ಕೆಡವಿದ ಅವಶೇಷವನ್ನು ಚರಂಡಿ, ರಸ್ತೆಗಳಿಗೆ ಸುರಿಯಬಾರದು ಎಂಬ ನಿಯಮವೂ ಅದೇ ವರ್ಷ ಬಂತು. ಬೆಂಗಳೂರಿನ ಪಾಲಿಕೆ ಸಾವಿರಾರು ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಅವರಲ್ಲಿ ಹಲವರು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳನ್ನೇ ನಡೆಸುವಂತಾದರು. ಅದೇ ಬೆಂಗಳೂರಿನ ಬೆರೆತ ಕಸ ತಮ್ಮೂರಿಗೆ ಬೇಡವೆಂದು 2014ರಲ್ಲಿ ಮಂಡೂರಿನ ಜನ ಬೀದಿಗಿಳಿದದ್ದೂ ನೆನಪಿರಲಿ. ಬೇರ್ಪಡಿಸಿದ್ದು ಅನ್ನವಾಗುತ್ತದೆ, ಬೆರೆಸಿದ್ದು ಯಾರದೋ ಊರಿಗೆ ನಂಜಾಗುತ್ತದೆ.

ಪೂಜ್ಯರಲ್ಲಿ, ಮಠಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಕಟ್ಟಡ ಕೆಡವುವ ಮೊದಲು ಸಿಗುವ ಸಾಮಗ್ರಿಯ ಪಟ್ಟಿ ಮಾಡಿಸಿ, ಅದನ್ನು ಭಕ್ತರ ಸಭೆಯಲ್ಲಿ ಓದಿಸಿ. ಮಠಕ್ಕೆ ಬೇಡವಾದ ಬಾಗಿಲು, ಹಂಚು, ಕಲ್ಲುಗಳನ್ನು ಮನೆ ಕಟ್ಟಲಾಗದ ಬಡವರಿಗೆ ಮೊದಲು ಕೊಡಿ. ಮಠದ ಒಂದು ಕೋಣೆಯನ್ನು ದುರಸ್ತಿಗೆ ಬಿಡಿ. ಊರಿನ ಐಟಿಐ ಹುಡುಗರು ವಾರಕ್ಕೊಂದು ದಿನ ಬಂದು ಫ್ಯಾನು, ಮಿಕ್ಸಿ, ಕುರ್ಚಿಗಳನ್ನು ಸರಿಪಡಿಸಲಿ. ನನ್ನಂಥ ನಿವೃತ್ತರು ಕಲಿಸಲು ಸಿದ್ಧರಿದ್ದೇವೆ. ಜಾತ್ರೆ, ಉತ್ಸವಗಳಲ್ಲಿ ಹಸಿ ಕಸ ಒಣ ಕಸ ಬೇರೆ ಬೇರೆ ಬೀಳುವಂತೆ ಮೊದಲೇ ಏರ್ಪಾಡು ಮಾಡಿ, ಆಯುವವರಿಗೆ ಕೈಗವಸು ಕೊಟ್ಟು, ಕೂಲಿ ಕೊಟ್ಟು ಕರೆಸಿ.

ಮತ್ತು ಊಟದ ಹೊತ್ತಿಗೆ ಅವರನ್ನು ಹಿತ್ತಲಲ್ಲಿ ಕೂರಿಸಬೇಡಿ. ಎಲ್ಲರೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರಿಸಿ, ಅದೇ ತಟ್ಟೆಯಲ್ಲಿ ಪ್ರಸಾದ ಬಡಿಸಿ. ಇದಕ್ಕೆ ಯಾವ ದೇಣಿಗೆಯೂ ಬೇಡ, ಯಾವ ಸರ್ಕಾರದ ಆದೇಶವೂ ಬೇಡ.