ಹಲ್ಲಿಲ್ಲದವರ ಪ್ರಸಾದ



ಕಳೆದ ಶ್ರಾವಣದಲ್ಲಿ ಉತ್ತರ ಕರ್ನಾಟಕದ ವೃದ್ಧಾಶ್ರಮವೊಂದರ ಪ್ರಸಾದದ ಪಂಕ್ತಿಯಲ್ಲಿ ನಾವು ಕುಳಿತಿದ್ದೆವು. ಪಕ್ಕದಲ್ಲಿದ್ದ, ಎಂಬತ್ತು ದಾಟಿದ ತಾಯಿಯೊಬ್ಬರು ಜೋಳದ ರೊಟ್ಟಿಯನ್ನು ಮೆಲ್ಲನೆ ಸೆರಗಿನ ಮರೆಗೆ ಸರಿಸಿದುದನ್ನು ಕಂಡೆವು. ತಟ್ಟೆಯಲ್ಲಿ ಒಂದಗುಳೂ ಉಳಿಯಬಾರದೆಂಬ ನೇಮದಲ್ಲಿ ಬೆಳೆದ ಜೀವವದು. ಅಗಿಯಲು ಹಲ್ಲಿಲ್ಲ, ಪ್ರಸಾದ ಬಿಡಲು ಮನಸ್ಸಿಲ್ಲ. ವಿಚಾರಿಸಿದಾಗ, "ನನ್ನ ಹಲ್ಲಿನ ಸೆಟ್ಟು ತೊಳಿಯಾಕ ಒಯ್ದವರು ಬ್ಯಾರೆಯವರದು ತಂದು ಕೊಟ್ಟಾರ ತಮ್ಮಾ, ಅದು ಬಾಯಾಗ ಕೂಡೂದಿಲ್ಲ" ಎಂದರು. ಎಲ್ಲರ ಕೃತಕ ದಂತಪಂಕ್ತಿಗಳನ್ನೂ ಒಂದೇ ಬೋಗುಣಿಯಲ್ಲಿ ತೊಳೆಯುತ್ತಿದ್ದರಂತೆ!

ಸೇವಕರನ್ನು ದೂರುವುದು ನ್ಯಾಯವಲ್ಲ. ಸ್ನಾನ, ಔಷಧಿ, ಪೂಜೆಯ ಸಿದ್ಧತೆ ಎಲ್ಲವನ್ನೂ ಅವರು ಶ್ರದ್ಧೆಯಿಂದ ಮಾಡುತ್ತಾರೆ. ಬಾಯಿಯೊಳಗೆ ನೋಡಬೇಕೆಂದು ಅವರಿಗೆ ಹೇಳಿದವರಿಲ್ಲ.

ಇದು ಅಗಿಯುವ ಪ್ರಶ್ನೆಯಷ್ಟೇ ಅಲ್ಲ. ಶುಚಿಯಿಲ್ಲದ ಬಾಯಿಯ ರೋಗಾಣುಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತವೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ 2 ವರ್ಷ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಿಯ ಆರೈಕೆ ಪಡೆಯದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ತಗುಲಿತು. ಪಡೆದವರಲ್ಲಿ 11 ಮಂದಿಗೆ ಮಾತ್ರ. ಆ ಆರೈಕೆಯಾದರೂ ಏನು? ಊಟವಾದ ಮೇಲೆ ಬ್ರಷ್ಷಿನಿಂದ ಬಾಯಿ ಶುಚಿಗೊಳಿಸಿದ್ದು, ಜೊತೆಗೆ ವಾರಕ್ಕೊಮ್ಮೆ ದಂತವೈದ್ಯರ ಕೈಸೇವೆ.

ರಾತ್ರಿ ದಂತಪಂಕ್ತಿಯನ್ನು ತೆಗೆದು, ಸಾಬೂನು ಹಚ್ಚಿ ಉಜ್ಜಿ, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿನಲ್ಲಿ ಅದರ ಆಕಾರವೇ ಕೆಡುತ್ತದೆ. ಪ್ರತಿಯೊಬ್ಬರಿಗೂ ಹೆಸರು ಬರೆದ ಬೇರೆ ಬೇರೆ ಡಬ್ಬಿ ಇರಲಿ. ಹಲ್ಲೇ ಇಲ್ಲದವರ ವಸಡು, ನಾಲಿಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಎಲೆ, ತಂಬಾಕಿನ ರೂಢಿಯಿದ್ದವರ ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವೈದ್ಯರಿಗೇನೂ ಬರವಿಲ್ಲ. ದಾವಣಗೆರೆಯ ಬಾಪೂಜಿ ದಂತ ಮಹಾವಿದ್ಯಾಲಯ 1979ರಿಂದಲೂ, ಮೈಸೂರಿನ ಜೆ.ಎಸ್.ಎಸ್. ದಂತ ಮಹಾವಿದ್ಯಾಲಯ 1986ರಿಂದಲೂ ನಡೆದಿವೆ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು ರಾಜ್ಯ ಸರ್ಕಾರ 2014-15ರಲ್ಲಿ 'ದಂತಭಾಗ್ಯ' ಯೋಜನೆಯನ್ನೂ ತಂದಿತು. ಆದರೆ ಅಳತೆ ಕೊಡಲು, ತೊಟ್ಟು ನೋಡಲು, ಸರಿಪಡಿಸಿಕೊಳ್ಳಲು ನಾಲ್ಕಾರು ಬಾರಿ ಆಸ್ಪತ್ರೆಗೆ ಹೋಗಬೇಕು. ಕರೆದೊಯ್ಯುವವರು ಯಾರು? ಹಿರಿಯರ ಸ್ಮರಣೆಗೆಂದು ಆಶ್ರಮದಲ್ಲಿ ಹೋಳಿಗೆಯ ದಾಸೋಹ ನಡೆಸುವ ಕುಟುಂಬಗಳು ಒಂದು ವರ್ಷ ಆ ಹಣದಲ್ಲಿ ವಾಹನ ಗೊತ್ತುಮಾಡಿಕೊಡಲಿ ಎಂದು ಬಿನ್ನವಿಸುತ್ತೇವೆ. ಹೋಳಿಗೆಯೇನೋ ಮೆತ್ತಗಿರುತ್ತದೆ, ನಿಜ. ಉಳಿದ ದಿನಗಳ ರೊಟ್ಟಿ ಹಾಗಿರುವುದಿಲ್ಲ.

ಆ ತಾಯಿಯವರ ಪಡಿತರ ಚೀಟಿ ಮಗನ ಮನೆಯಲ್ಲಿದೆಯಂತೆ. ಅದರ ನಕಲು ಕಳುಹಿಸುವಂತೆ ಅವರಿಗೆ ಪತ್ರ ಬರೆದಿದ್ದೇವೆ.