ಥೀಮಿಗೂ ಒಂದು ಕೂಸು ಬೇಕ್ರಿ

ನಮ್ಮ ಅಡಗಿ ಸೈಟಿಗೆ ಇಳಕಲ್ ಸೆರಗಿನ ಕೆಂಪು ಬರ್ಲಿ ಅಂತ ವರ್ಡ್‌ಪ್ರೆಸ್ ಥೀಮಿನ ಸ್ಟೈಲ್ ಫೈಲಿನ್ಯಾಗ ಕೈ ಹಾಕಿ, ಎರಡು ದಿನಾ ಕುಂತು ತಿದ್ದಿದ್ದೆ. ಅಪ್‌ಡೇಟ್ ಒತ್ತಿದೆ ನೋಡ್ರಿ, ಎಲ್ಲಾ ಹೋತು! ಹೊಸ ಫೈಲು ಬಂದು ಹಳೇದರ ಮ್ಯಾಲೆ ಕುಂತಿತ್ತು. ಹಂಗಂತ ಅಪ್‌ಡೇಟ್ ಬಿಡೂ ಹಂಗೂ ಇಲ್ಲ, ಕಳ್ಳರು ನುಗ್ಗೋ ಕಿಂಡಿ ಮುಚ್ಚೂದು ಅದರಿಂದನ.

ಅದಕ್ಕ ಚೈಲ್ಡ್ ಥೀಮ್ ಮಾಡ್ಕೊಳ್ರಿ ಅಂತೀನಿ. ಬ್ಯಾರೆ ಫೋಲ್ಡರು, ಅದರಾಗೊಂದು ಸ್ಟೈಲ್ ಫೈಲು, ‘ಟೆಂಪ್ಲೇಟ್’ ಅನ್ನೋ ಸಾಲಿನ್ಯಾಗ ತಾಯಿ ಥೀಮಿನ ಫೋಲ್ಡರ್ ಹೆಸರು. ತಾಯಿ ಹೊಸದಾದ್ರೂ ಕೂಸಿನ ಗಂಟು ಯಾರೂ ಮುಟ್ಟಂಗಿಲ್ಲ. ತಾಯೀನ್ನ ಮಾತ್ರ ಅಳಿಸಬ್ಯಾಡ್ರಿ, ಕೂಸು ನಡ್ಯಂಗಿಲ್ಲ. ತಾಯಿ ಫೈಲನ್ನ ಇಡಿಯಾಗಿ ಕೂಸಿನ್ಯಾಗ ನಕಲಿಟ್ರ, ಆ ಫೈಲಿನ ಮುಂದಿನ ರಿಪೇರಿ ನಿಮಗ ಸಿಗಂಗಿಲ್ಲ. ಬರೇ ಬಣ್ಣಕ್ಕಾದ್ರ ‘ಅಡಿಷನಲ್ ಸಿಎಸ್ಎಸ್’ ಡಬ್ಬೀನ ಸಾಕಿತ್ತು. ನನಗದು ಆಮ್ಯಾಲೆ ಗೊತ್ತಾತು.