ಹೊಸಬರೂ ನುರಿತವರೂ

ಕಲ್ಯಾಣಿಯ ಸುತ್ತಲೂ ಮೆಟ್ಟಿಲುಗಳಿರುತ್ತವೆ. ಈಜು ಬಲ್ಲವನು ಮೇಲಿನ ಕಟ್ಟೆಯಿಂದಲೇ ಧುಮುಕುತ್ತಾನೆ. ಈಜು ಬಾರದ ಬಾಲಕನು ಒಂದೊಂದೇ ಮೆಟ್ಟಿಲಿಳಿದು ನೀರನ್ನು ಮುಟ್ಟುತ್ತಾನೆ. ಇಬ್ಬರಿಗೆಂದು ಎರಡು ಕಲ್ಯಾಣಿಗಳನ್ನು ಯಾರೂ ಕಟ್ಟಿಸುವುದಿಲ್ಲ. ಗಣಕಯಂತ್ರದ ವ್ಯವಸ್ಥೆಗಳನ್ನು ರೂಪಿಸುವವರಿಗೂ ಇದೇ ವಿವೇಕ ಬೇಕು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯ ರಚನೆಗೆ ತೊಡಗಿದರು. ಅಂದಿನ ಟೆಲಿಟೈಪ್ ಯಂತ್ರವು ಸೆಕೆಂಡಿಗೆ ಸುಮಾರು 10 ಅಕ್ಷರಗಳನ್ನಷ್ಟೇ ಮುದ್ರಿಸುತ್ತಿತ್ತು. ಆದುದರಿಂದ ಆಜ್ಞೆಗಳು ಚಿಕ್ಕವಾಗಿದ್ದವು: ನಕಲು ಮಾಡಲು ‘ಸಿಪಿ’, ಅಳಿಸಲು ‘ಆರ್‌ಎಂ’. ನುರಿತವನಿಗೆ ಇದರಿಂದ ಶ್ರಮ ಉಳಿಯಿತು. ಆದರೆ ಹೊಸಬನ ಪಾಡೇನು? ಆಜ್ಞೆಯನ್ನು ತಿಳಿಯದವನಿಗೆ ಯಂತ್ರವು ತಾನಾಗಿ ದಾರಿ ತೋರುತ್ತಿರಲಿಲ್ಲ. ಕೈತಪ್ಪಿ ಅಳಿಸಿದರೆ, ಹಲವು ದಿನ ದುಡಿದು ಬರೆದುದು ಕ್ಷಣದಲ್ಲಿ ಇಲ್ಲವಾಗುತ್ತಿತ್ತು. ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1981ರಲ್ಲಿ ಒಂದು ಲೇಖನ ಬರೆದು, ಸಾಮಾನ್ಯ ಬಳಕೆದಾರನನ್ನು ಮರೆತ ಈ ರಚನೆಯನ್ನು ಕಟುವಾಗಿ ಟೀಕಿಸಿದರು.

1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಬಂದಿತು. ಅದರಲ್ಲಿ ಹೊಸಬನು ಆಜ್ಞೆಗಳನ್ನು ಕಂಠಪಾಠ ಮಾಡಬೇಕಾಗಿರಲಿಲ್ಲ. ಮೌಸ್‌ನಿಂದ ಪಟ್ಟಿಯನ್ನು ತೆರೆದು, ಓದಿ, ಬೇಕಾದುದನ್ನು ಆರಿಸಿದರೆ ಸಾಕಾಗಿತ್ತು. ‘ನಕಲು’ ಎಂಬ ಮಾತಿನ ಪಕ್ಕದಲ್ಲಿಯೇ ಅದೇ ಕೆಲಸ ಮಾಡುವ ಕೀಲಿಗಳ ಗುರುತೂ ಇತ್ತು. ಅದನ್ನು ದಿನವೂ ಕಂಡವನು ಕ್ರಮೇಣ ಪಟ್ಟಿಯ ಹಂಗಿಲ್ಲದೆ ಕೀಲಿಗಳನ್ನೇ ಒತ್ತಬಹುದಾಗಿತ್ತು. ಹೀಗೆ ಯಂತ್ರವೇ ಗುರುವಾಯಿತು.

ಹೊಸಬರಿಗೊಂದು ಸುಲಭ ಯಂತ್ರ, ನುರಿತವರಿಗೊಂದು ಸಮರ್ಥ ಯಂತ್ರ ಇರಲಿ ಎಂದು ವಾದಿಸುವವರುಂಟು. ಈ ವಾದ ಒಪ್ಪತಕ್ಕದ್ದಲ್ಲ. ಹೊಸಬನು ಎಂದೆಂದಿಗೂ ಹೊಸಬನಾಗಿಯೇ ಉಳಿಯುವುದಿಲ್ಲ. ನುರಿತವನೂ ಎಲ್ಲದರಲ್ಲಿ ನುರಿತವನಲ್ಲ. ಪತ್ರ ಸಿದ್ಧಪಡಿಸುವುದರಲ್ಲಿ ನಿಪುಣನಾದವನು ಲೆಕ್ಕಪತ್ರದ ಮುಂದೆ ಕುಳಿತರೆ ಮತ್ತೆ ವಿದ್ಯಾರ್ಥಿಯೇ.

ಹಾಗೆಂದು ಹೊಸಬನ ರಕ್ಷಣೆಗಾಗಿ ಹೆಜ್ಜೆಹೆಜ್ಜೆಗೂ ‘ಅಳಿಸಲೇ?’ ಎಂದು ಕೇಳುವ ಯಂತ್ರವೂ ಒಳ್ಳೆಯದಲ್ಲ. ಅಭ್ಯಾಸಬಲದಿಂದ ಮನುಷ್ಯನು ಪ್ರಶ್ನೆಯನ್ನು ಓದದೆಯೇ ‘ಹೌದು’ ಎನ್ನುತ್ತಾನೆ. ಅದಕ್ಕಿಂತ, ಮಾಡಿದುದನ್ನು ಹಿಂದಕ್ಕೆ ಪಡೆಯುವ ಅವಕಾಶವೇ ಮೇಲು. ಅದರಿಂದ ಹೊಸಬನಿಗೆ ಧೈರ್ಯ ಬರುತ್ತದೆ. ನುರಿತವನ ವೇಗವೂ ಕುಗ್ಗುವುದಿಲ್ಲ.

ಯಂತ್ರದ ಮುಂದೆ ತಡವರಿಸುವವನು ತನ್ನನ್ನು ದಡ್ಡನೆಂದು ಹಳಿದುಕೊಳ್ಳುವುದುಂಟು. ಅನೇಕ ವೇಳೆ ತಪ್ಪು ಅವನದಲ್ಲ. ಮೆಟ್ಟಿಲುಗಳಿಲ್ಲದೆ ಕಲ್ಯಾಣಿಯನ್ನು ಕಟ್ಟಿದವರದು.